ಟ್ಯಾಂಕ್ ತುಂಬ ಐಪ್ಟೇಸಿಯಾ: ಕಾಪರ್‌ಬ್ಯಾಂಡ್ ಬಟರ್‌ಫ್ಲೈ ತರಲೋ ಬ್ಯಾಡೋ?

ವಿದ್ಯಾನಗರ_ರೀಫ್
ಎಲ್ಲಾರಿಗೂ ನಮಸ್ಕಾರ. ಹುಬ್ಬಳ್ಳಿ ವಿದ್ಯಾನಗರದಾಗ ನಮ್ಮ ಮನಿ. ನಾಲ್ಕು ಫೂಟ್ ಉದ್ದ, ಎರಡು ಫೂಟ್ ಅಗಲ, ಎರಡು ಫೂಟ್ ಎತ್ತರದ ರೀಫ್ ಟ್ಯಾಂಕ್ (ಉಪ್ಪುನೀರಿನ್ಯಾಗ ಹವಳ, ಮೀನು ಸಾಕೋ ಟ್ಯಾಂಕ್) ಐತಿ, ಕೆಳಗ ಸಂಪ್, ಅಂದ್ರ ನೀರು ಸೋಸೋ ತೊಟ್ಟಿ. ಮೀನಿನ್ಯಾಗ ಕ್ಲೌನ್ ಜೋಡಿ, ಒಂದು ಯೆಲ್ಲೋ ಟ್ಯಾಂಗ್, ಒಂದು ಸಿಕ್ಸ್‌ಲೈನ್ ರಾಸ್ ಅದಾವ. ಕೋರಲ್ (ಹವಳ) ಒಳಗ ಹ್ಯಾಮರ್, ಟಾರ್ಚ್, ಮತ್ತ ಭಾಳಷ್ಟು ಝೋವಾ.

ಹೋದ ಮಳಿಗಾಲದಾಗ ಒಂದು ಝೋವಾ ಪ್ಲಗ್ (ಕೋರಲ್ ಅಂಟಿಸಿ ಮಾರೋ ಸಣ್ಣ ಬಿಲ್ಲಿ) ಜೊತಿ ಕಂದು ಬಣ್ಣದ ಸಣ್ಣ ಅನಿಮೋನಿ (ಹೂವಿನಂಗ ಕಾಣೋ ಕಡಲ ಪ್ರಾಣಿ) ಬಂತು, ಐಪ್ಟೇಸಿಯಾ ಅಂತ ಅನಸ್ತೈತಿ. ನೋಡಾಕ ಛಂದ ಐತಿ ಅಂತ ಮನ್ಯಾಗ ಎಲ್ಲಾರೂ ಅಂದ್ರು. ನಾ ಊರಾಗ ಇಲ್ಲದಾಗ ನಮ್ಮ ತಮ್ಮ ಚಾಕು ತಗೊಂಡು ಅದನ್ನ ಕಲ್ಲಿನ ಮ್ಯಾಲಿಂದ ಕೆರೆದಾನ. ಈಗ ಎಲ್ಲಿ ನೋಡಿದ್ರಲ್ಲಿ ಅದಾವ. ಕಲ್ಲಿನ ಸಂದ್ಯಾಗ, ನೀರು ಸಂಪಿಗೆ ಇಳಿಯೋ ಓವರ್‌ಫ್ಲೋ ಪೆಟ್ಟಿಗ್ಯಾಗ, ಸಂಪಿನ ಕತ್ತಲಾಗೂ ಅದಾವ. ಹ್ಯಾಮರ್ ಪಕ್ಕದಾಗ ಎರಡು ಬೆಳದು, ಆ ಕಡೆ ತಲಿ ಬಿಚ್ಚೋದನ್ನ ನಿಲ್ಲಿಸೇತಿ.

ಅಂಗಡಿಯವ್ರು ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನು ಹಾಕ್ರಿ, ಎಲ್ಲಾ ತಿಂದು ಹಾಕ್ತೈತಿ ಅಂತ ಹೇಳ್ಯಾರ. ಈ ಶನಿವಾರ ಲಾಟ್ ಬರ್ತೈತಂತ. ತಗೊಳ್ಳೋದೋ ಬ್ಯಾಡೋ? ನಮ್ಮ ಕಡೆ ಇಟ್ಟವ್ರು ಯಾರರ ಇದ್ರ ಹೇಳ್ರಿ.

ಗೋಕುಲರೋಡ್_ಮೀನು
ಕಣ್ಣು ಮುಚ್ಚಿ ತಗೊಳ್ರಿ. ನಮ್ಮ ಟ್ಯಾಂಕಿನ್ಯಾಗ ಹಾಕಿದ ಮ್ಯಾಲ ಹುಡುಕಿದ್ರೂ ಒಂದು ಐಪ್ಟೇಸಿಯಾ ಸಿಗವಲ್ದು.

ಬ್ಯಾಡಗಿ_ಖಾರ
ಕಣ್ಣು ಮುಚ್ಚಿ ತಗೊಳ್ಳೋ ಮೀನೇ ಅಲ್ಲ ಅದು. ಅಂಗಡ್ಯಾಗ ಬಂದ ಕಾಪರ್‌ಬ್ಯಾಂಡ್‌ನಾಗ ಎಷ್ಟು ಉಣ್ಣದ ಸಾಯ್ತಾವ ಅಂತ ಯಾರೂ ಹೇಳಂಗಿಲ್ಲ. ಉಳಿದ ಮೀನಿನ ಫೋಟೋ ಎಲ್ಲಾರೂ ಹಾಕ್ತಾರ, ಸತ್ತದ್ದರ ಸುದ್ದಿ ಹಾಕೋರು ಕಡಿಮಿ.

ಹಾವೇರಿ_ಏಲಕ್ಕಿ
ಮೊದಲು ಫೋಟೋ ಹಾಕ್ರಿ. ಐಪ್ಟೇಸಿಯಾನೋ ಮಜಾನೋನೋ (ಅದೂ ಒಂದು ಪೀಡೆ ಅನಿಮೋನಿ) ಗೊತ್ತಾಗದ ಮುಂದಿನ ಮಾತಾಡಿ ಉಪಯೋಗ ಇಲ್ಲ.

ವಿದ್ಯಾನಗರ_ರೀಫ್
ಹಾಕೇನಿ ನೋಡ್ರಿ. ಉದ್ದ ಕಾಂಡ, ತುದಿ ಚೂಪಾದ ತೆಳು ಎಳಿ, ಕಂದು ಬಣ್ಣ. ಬೆರಳು ಹತ್ರ ಒಯ್ದ್ರ ಸರಕ್ಕನ ತೂತಿನ್ಯಾಗ ಸೇರ್ಕೊಂತೈತಿ.

ಹಾವೇರಿ_ಏಲಕ್ಕಿ
ಹೌದು, ಐಪ್ಟೇಸಿಯಾನ. ಮಜಾನೋ ಗಿಡ್ಡ ಇರ್ತೈತಿ, ಎಳಿಗಳ ತುದಿ ಗುಂಡಗ ಉಬ್ಬಿರ್ತೈತಿ, ಎಷ್ಟೋ ಸಲ ಹಸಿರು ಹೊಳಪು ಇರ್ತೈತಿ. ಇದನ್ನ ಯಾಕ ಕೇಳಿದೆ ಅಂದ್ರ, ಕಾಪರ್‌ಬ್ಯಾಂಡ್ ಸಾಮಾನ್ಯವಾಗಿ ಮಜಾನೋ ಮುಟ್ಟಂಗಿಲ್ಲ. ಅದಕ್ಕ ರಕೂನ್ ಬಟರ್‌ಫ್ಲೈ ಬೇಕಾಗ್ತೈತಿ, ಆದ್ರ ರಕೂನ್ ಕೋರಲ್ಲೂ ತಿಂತೈತಿ. ನಿಮ್ಮದು ಐಪ್ಟೇಸಿಯಾ ಆಗಿದ್ದು ಒಂದು ಲೆಕ್ಕಕ್ಕ ಛಲೋನ ಆತು.

ಸಪ್ತಾಪುರ_ಕಾಕಾ
ತಮ್ಮಾ, ನಾ ಧಾರವಾಡದಾಗ ಉಪ್ಪುನೀರಿನ ಟ್ಯಾಂಕ್ ಇಡಾಕ ಶುರು ಮಾಡಿದಾಗ ಉಪ್ಪಿನ ಪಾಕೀಟ್ ಸುದ್ದಾ ಮುಂಬೈಯಿಂದ ತರಸಬೇಕಿತ್ತು. ಕಾಪರ್‌ಬ್ಯಾಂಡ್ ಈಗಲೂ ನಮ್ಮನ್ಯಾಗ ಐತಿ, ಆರು ಫೂಟಿನ ಟ್ಯಾಂಕಿನ್ಯಾಗ. ಅದರ ಮ್ಯಾಲ ನನಗ ಭಾಳ ಮಮತಾ. ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ.

ಈ ಮೀನಿನ ಮೂತಿ ನೋಡು. ಉದ್ದಕ, ಸಣ್ಣಕ, ಚಿಮಟಿಗಿ ಇದ್ದಂಗ. ಕಲ್ಲಿನ ಸಂದ್ಯಾಗ ಇರೋ ಹುಳ, ಸಣ್ಣ ಸೀಗಡಿ, ಕೊಳವಿ ಹುಳ ಎಳದು ತಿನ್ನಾಕ ಆದ ಬಾಯಿ ಅದು. ದಿನಾ ಪೂರ್ತಿ ಕುಕ್ಕತಾ ಕುಕ್ಕತಾ ತಿರಗ್ತೈತಿ, ಒಂದ ಸಲಕ್ಕ ಹೊಟ್ಟಿ ತುಂಬ ಉಣ್ಣೋ ಜಾತಿ ಅಲ್ಲ. ಆ ಕುಕ್ಕೋದರಾಗ ಐಪ್ಟೇಸಿಯಾ ಬಾಯಿಗೆ ಬಂದ್ರ ತಿಂತೈತಿ. ಕೆಲವು ಇಷ್ಟಪಟ್ಟು ತಿಂತಾವ, ಕೆಲವು ಮೂಸಿನೂ ನೋಡಂಗಿಲ್ಲ. ಒಂದ ಲಾಟಿನ್ಯಾಗ ಬಂದ ಎರಡು ಮೀನು ಸುದ್ದಾ ಒಂದ ರೀತಿ ಇರಂಗಿಲ್ಲ. ಇದರಾಗ ಗ್ಯಾರಂಟಿ ಕೊಡೋರ ಮಾತು ನಂಬಬ್ಯಾಡ.

ಇನ್ನೊಂದು. ಇಲಿ ಹಿಡೀಲಿ ಅಂತ ಬೆಕ್ಕು ತಂದ್ರ, ಇಲಿ ಮುಗದ ಮ್ಯಾಲೂ ಆ ಬೆಕ್ಕಿಗೆ ಹಾಲು ಹಾಕಬೇಕಾಗ್ತೈತಿ. ಐಪ್ಟೇಸಿಯಾ ಖಾಲಿ ಆದ ಮ್ಯಾಲ ಇದು ಏನು ಉಣಬೇಕು ಅನ್ನೋದು ಮೊದಲ ಗೊತ್ತಿರಬೇಕು. ಆ ಪ್ರಶ್ನೆಕ್ಕ ನಿನ್ನ ಹತ್ರ ಉತ್ತರ ಇದ್ರ ತಗೊ. ಇಲ್ಲಾಂದ್ರ ಬ್ಯಾರೆ ದಾರಿ ಅದಾವ.

ಬ್ಯಾಡಗಿ_ಖಾರ
ಕಾಕಾ ಹೇಳಿದ್ದು ನೂರಕ್ಕ ನೂರು ಖರೆ. ಮೀನು ಔಷಧ ಅಲ್ಲ.

ಗೋಕುಲರೋಡ್_ಮೀನು
ಹಂಗಂದ್ರ ನಾವು ಇಟ್ಟಿದ್ದು ತಪ್ಪೇನ್ರಿ? ನಮ್ಮದು ತಿಂತೈತಿ, ಆರಾಮ ಐತಿ. ಎಲ್ಲಾರಿಗೂ ಹೆದರಿಕಿ ಹಚ್ಚಬ್ಯಾಡ್ರಿ.

ಬ್ಯಾಡಗಿ_ಖಾರ
ನಿಮ್ಮ ಟ್ಯಾಂಕ್ ಎಷ್ಟು ದೊಡ್ಡದು? ಎಷ್ಟು ಹಳೇದು? ಅದನ್ನ ಹೇಳದ "ತಗೊಳ್ರಿ" ಅಂದ್ರ ಹೊಸಬ್ರು ಎರಡು ಫೂಟಿನ ಟ್ಯಾಂಕಿಗೆ ತಂದು ಹಾಕ್ತಾರ. ಅದಕ್ಕ ನನ್ನ ಸಿಟ್ಟು.

ಗೋಕುಲರೋಡ್_ಮೀನು
ಐದು ಫೂಟ್. ಹಳೇ ಟ್ಯಾಂಕ್. ಕಲ್ಲಿನ್ಯಾಗ ಹುಳ, ಕೋಪೆಪಾಡ್ (ಸೀಗಡಿ ಜಾತಿಯ ಅಗದಿ ಸಣ್ಣ ಜೀವ) ಭಾಳ ಅದಾವ. ಅದು ಖರೆ, ಹೇಳಬೇಕಿತ್ತು.

ಹಾವೇರಿ_ಏಲಕ್ಕಿ
ಟ್ಯಾಂಕ್ ಲೆಕ್ಕ: ನಾಲ್ಕು × ಎರಡು × ಎರಡು ಅಂದ್ರ 16 ಘನ ಅಡಿ, ಸುಮಾರು 450 ಲೀಟರ್. ಕಲ್ಲು, ಮರಳು ಕಳದ್ರ ಇನ್ನೂ ಕಡಿಮಿ. ಕಾಪರ್‌ಬ್ಯಾಂಡಿಗೆ 125 ಗ್ಯಾಲನ್, ಅಂದ್ರ 470 ಲೀಟರ್ ಹತ್ರ ಬೇಕು ಅಂತ ಹೇಳೋದು ರೂಢಿ. 20 ಸೆಂಟಿಮೀಟರ್ ತನಕ ಬೆಳಿಯೋ ಮೀನು. ನಿಮ್ಮದು ಅಂಚಿನ ಮ್ಯಾಲ ಐತಿ. ನನ್ನ ಚಿಂತಿ ಟ್ಯಾಂಕಿಗಿಂತ ಯೆಲ್ಲೋ ಟ್ಯಾಂಗಿನದು. ಮೊದಲ ಜಾಗ ಹಿಡಿದ ಟ್ಯಾಂಗ್ ಹೊಸ ಮೀನನ್ನ ಬಾಲದ ಮುಳ್ಳಿನಿಂದ ಹೊಡಿತೈತಿ. ಅಂಜಿದ ಕಾಪರ್‌ಬ್ಯಾಂಡ್ ಉಣ್ಣಂಗಿಲ್ಲ.

ನವಲೂರ_ಪೇರಲ
ನಾ ಇನ್ನೂ ಸಿಹಿನೀರಿನ ಗಪ್ಪಿ ಇಟ್ಟವ. ಒಂದು ಸಂಶಯ. ಚಾಕುವಿಂದ ಕೆರೆದ್ರ ಯಾಕ ಹೆಚ್ಚಾತು? ಕಿತ್ತು ಹೊರಗ ಒಗದ್ರ ಮುಗೀತಲ್ಲ?

ಕೋಡಿಬಾಗ_ಹಳೇ_ವಿದ್ಯಾರ್ಥಿ
ಇದಕ್ಕೆ ನಾನು ಉತ್ತರಿಸುತ್ತೇನೆ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ ಓದಿದವನು ನಾನು, ಈಗ ಧಾರವಾಡದಲ್ಲಿ ಪಾಠ ಮಾಡುತ್ತೇನೆ.

ಐಪ್ಟೇಸಿಯಾ ಕಲ್ಲಿಗೆ ಅಂಟಿಕೊಳ್ಳುವುದು ಪಾದದ ತಟ್ಟೆಯಿಂದ. ಆ ತಟ್ಟೆಯ ಅಂಚಿನ ಒಂದು ಸಣ್ಣ ಚೂರು ಹರಿದು ಉಳಿದರೂ ಸಾಕು, ಅದರಿಂದ ಪೂರ್ತಿ ಹೊಸ ಪ್ರಾಣಿ ಬೆಳೆಯುತ್ತದೆ. ಯಾರೂ ಮುಟ್ಟದಿದ್ದರೂ ಅದು ನಡೆದಾಡುವಾಗ ತಾನಾಗಿಯೇ ಇಂಥ ಚೂರುಗಳನ್ನು ಬಿಟ್ಟು ಹೋಗುತ್ತದೆ. ಕೆರೆದಾಗ ಚೂರುಗಳು ನೀರಿನ ಜೊತೆ ಟ್ಯಾಂಕ್ ತುಂಬ ಹಂಚಿಹೋಗುತ್ತವೆ. ಇದಲ್ಲದೆ ಮೊಟ್ಟೆ, ವೀರ್ಯಾಣುಗಳ ಮೂಲಕವೂ ಸಂತಾನ ಬೆಳೆಸಬಲ್ಲದು. ಮೈಯೊಳಗೆ ಸೂಕ್ಷ್ಮ ಪಾಚಿಗಳನ್ನು ಸಾಕಿಕೊಂಡಿರುವುದರಿಂದ ಬೆಳಕಿದ್ದರೆ ಅಲ್ಲಿಂದ ಆಹಾರ, ಕತ್ತಲಿದ್ದರೆ ನೀರಿನಲ್ಲಿ ತೇಲಿಬರುವ ಆಹಾರ. ಸಂಪಿನ ಕತ್ತಲಲ್ಲಿ ಬೆಳ್ಳಗಾಗಿ ಬದುಕಿರುವುದು ಅದಕ್ಕೇ.

ನಮಗೆ ಪೀಡೆಯಾದ ಇದೇ ಪ್ರಾಣಿಯನ್ನು ಪ್ರಯೋಗಾಲಯಗಳಲ್ಲಿ ಜೋಪಾನವಾಗಿ ಸಾಕುತ್ತಾರೆ. ಹವಳಕ್ಕೂ ಪಾಚಿಗೂ ಇರುವ ಸಹಬಾಳ್ವೆ ಹೇಗೆ ಕೂಡುತ್ತದೆ, ಬಿಸಿ ಹೆಚ್ಚಾದಾಗ ಹೇಗೆ ಮುರಿಯುತ್ತದೆ ಎಂದು ತಿಳಿಯಲು ಇದು ಮಾದರಿ ಜೀವಿ. 2015ರಲ್ಲಿ ಇದರ ಜೀನೋಮ್ ಕೂಡ ಪ್ರಕಟವಾಯಿತು.

ನವಲೂರ_ಪೇರಲ
ಎಪ್ಪಾ! ತಿಳೀತು ಸರ್. ಥ್ಯಾಂಕ್ಸ್.

ಗದಗ_ಗಾಳಿ
ಮೀನು ಗೀನು ಬ್ಯಾಡ್ರಿ. ಎಲಿ ಅಡಕಿಗೆ ಹಚ್ಚೋ ಸುಣ್ಣ ಸಿರಿಂಜಿನ್ಯಾಗ ತುಂಬಿ ಬಾಯಿಗೆ ಬಿಡ್ರಿ, ಖತಮ್. ಎಲ್ಲಾ ಪಾನ್ ಅಂಗಡ್ಯಾಗ ಸಿಗ್ತೈತಿ.

ಹಾವೇರಿ_ಏಲಕ್ಕಿ
ಅರ್ಧ ಸರಿ, ಅರ್ಧ ತಪ್ಪು. ರೀಫ್ ಇಡೋರು ಕಾಲ್ಕ್‌ವಾಸರ್ ಅನ್ನೋದು ಸುಣ್ಣಾನ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಆದ್ರ ಪಾನ್ ಅಂಗಡಿ ಸುಣ್ಣದಾಗ ಏನೇನು ಬೆರೆಸಿರ್ತಾರೋ ಯಾರಿಗೆ ಗೊತ್ತು. ಕೆಲವಕ್ಕ ಬಣ್ಣ, ವಾಸನಿ ಹಾಕಿರ್ತಾರ. ಶುದ್ಧ ಪುಡಿ ತಗೊಂಡು, ಆರ್‌ಓ ನೀರಿನ್ಯಾಗ ಗಟ್ಟಿ ಪೇಸ್ಟ್ ಮಾಡಿ, ಪಂಪ್ ಬಂದ್ ಮಾಡಿ, ನಿಧಾನಕ ಬಾಯಿ ಮ್ಯಾಲ ಬಿಡಬೇಕು. ಮುಟ್ಟಿದ್ರ ಒಳಗ ಓಡ್ತೈತಿ, ಅದು ಬಿಚ್ಚಿಕೊಂಡಿರೋ ಹೊತ್ತಿನ್ಯಾಗ ಮ್ಯಾಲಿಂದ ಬೀಳಬೇಕು. ಆಮ್ಯಾಲ ಕಾಲು ತಾಸು ಪಂಪ್ ಹಚ್ಚಬಾರದು.

ಒಂದ ದಿನಕ್ಕ ಐದಾರಕ್ಕಿಂತ ಹೆಚ್ಚು ಮಾಡಬಾರದು. ಪಿಎಚ್ ಒಮ್ಮೆಲೆ ಏರಿದ್ರ ಮೀನು, ಕೋರಲ್ ಎರಡಕ್ಕೂ ತ್ರಾಸು. ಕಣ್ಣಿಗೆ ಚಸ್ಮಾ ಹಾಕ್ಕೊಂಡ ಮಾಡ್ರಿ, ಸುಣ್ಣ ಕಣ್ಣಿಗೆ ಬಿದ್ರ ಸುಡ್ತೈತಿ.

ಗದಗ_ಗಾಳಿ
ಬಣ್ಣದ ಸುಣ್ಣದ ವಿಚಾರ ಒಪ್ಪಿದೆ. ಬಿಳಿ ಶುದ್ಧ ಪುಡೀನ ತಗೊಳ್ಳಿ. ಆದ್ರ ನನ್ನ ಮಾತು ಅದ: ಕೈಯಾಗ ಸಿರಿಂಜ್ ಇರೋ ಮನಶ್ಯಾಗ ಮೀನು ಯಾಕ?

ಸಪ್ತಾಪುರ_ಕಾಕಾ
ಹತ್ತಿಪ್ಪತ್ತು ಇದ್ರ ಸಿರಿಂಜ್ ಛಲೋ. ಇವನ ಟ್ಯಾಂಕಿನ್ಯಾಗ ಕಲ್ಲಿನ ಹಿಂದ, ಓವರ್‌ಫ್ಲೋದಾಗ, ಕೈ ಹೋಗದ ಜಾಗದಾಗ ಅದಾವ. ಕಣ್ಣಿಗೆ ಕಂಡದ್ದಷ್ಟ ಸುಟ್ಟ್ರ ಹಿಂದಿನವು ಮತ್ತ ಮುಂದ ಬರ್ತಾವ. ಮೀನಿನ ಬಾಯಿ ಕಲ್ಲಿನ ಸಂದಿಗೆ ಹೋಗ್ತೈತಿ, ಸಿರಿಂಜ್ ಹೋಗಂಗಿಲ್ಲ. ಆದ್ರ ಓವರ್‌ಫ್ಲೋಕ್ಕ ಮೀನೂ ಹೋಗಂಗಿಲ್ಲ. ಅದಕ್ಕ ಎರಡೂ ಬೇಕು ಅಂತೀನಿ ನಾ. ದೊಡ್ಡವಕ್ಕ ಸುಣ್ಣ, ಯಾಕಂದ್ರ ಮೀನು ಭಾಳ ಸಲ ದೊಡ್ಡವನ್ನ ಬಿಟ್ಟು ಸಣ್ಣವನ್ನ ಹುಡುಕಿ ತಿಂತೈತಿ.

ಉಣಕಲ್_ದಂಡಿ
ಕಲ್ಲು ಹೊರಗ ತಗದು ಕುದಿಯೋ ನೀರಾಗ ಹಾಕಿದ್ರ? ಒಂದ ಸಲಕ್ಕ ಮುಗೀತೈತಿ. ನಮ್ಮ ಗೆಳ್ಯಾ ಒಬ್ಬ ಹಂಗ ಮಾಡ್ತೀನಿ ಅನ್ನಾಕತ್ತಾನ.

ಕೋಡಿಬಾಗ_ಹಳೇ_ವಿದ್ಯಾರ್ಥಿ
ದಯವಿಟ್ಟು ಬೇಡ. ನಿಮ್ಮ ಗೆಳೆಯರಿಗೆ ಈಗಲೇ ಫೋನ್ ಮಾಡಿ ಹೇಳಿ. ಆ ಕಲ್ಲಿನ ಮೇಲೆ ಝೋವಾ ಅಥವಾ ಅದರ ಹತ್ತಿರದ ಸಂಬಂಧಿ ಪ್ಯಾಲಿಥೋವಾ ಇದ್ದರೆ ಕುದಿಸುವುದು ಪ್ರಾಣಕ್ಕೆ ಕುತ್ತು. ಅವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ವಿಷ ಇರಬಹುದು. 1971ರಲ್ಲಿ ಹವಾಯಿಯ ಪ್ಯಾಲಿಥೋವಾದಿಂದ ಇದನ್ನು ಮೊದಲು ಬೇರ್ಪಡಿಸಿದರು. ಪ್ರಾಣಿಜನ್ಯ ವಿಷಗಳಲ್ಲಿ ಅತಿ ತೀವ್ರವಾದವುಗಳ ಸಾಲಿನದು. ಕುದಿಸಿದರೆ ಹಬೆಯ ಜೊತೆ ಹಾರಿ ಉಸಿರಿಗೆ ಸೇರುತ್ತದೆ. ಹೊರದೇಶಗಳಲ್ಲಿ ಕಲ್ಲು ಕುದಿಸಿದವರ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಬ್ರಷ್ಷಿನಿಂದ ಉಜ್ಜುವುದು, ಬಿಸಿನೀರು ಸುರಿಯುವುದು ಕೂಡ ಬೇಡ. ಕೈಯಲ್ಲಿ ಗಾಯ ಇದ್ದಾಗ ಝೋವಾ ಮುಟ್ಟಬೇಡಿ, ಗ್ಲೌಸ್ ಹಾಕಿಕೊಳ್ಳಿ.

ಉಣಕಲ್_ದಂಡಿ
ಈಗ ಫೋನ್ ಮಾಡಿ ಹೇಳಿದೆ ಸರ್. ಅಂವಗ ಗೊತ್ತ ಇದ್ದಿಲ್ಲ. ಭಾಳ ಉಪಕಾರ ಆತು.

ವಿದ್ಯಾನಗರ_ರೀಫ್
ನಮ್ಮ ಮನ್ಯಾಗ ಸಣ್ಣ ಹುಡುಗ್ರು ಅದಾರ. ಕುದಿಸೋ ಮಾತ ಇಲ್ಲ. ಐಪ್ಟೇಸಿಯಾ ತಿಂತಾವ ಅನ್ನೋ ಪೆಪ್ಪರ್‌ಮಿಂಟ್ ಸೀಗಡಿ, ಬರ್ಘಿಯಾ ಇವುಗಳ ಬಗ್ಗೆ ಯಾರರ ಹೇಳ್ತೀರೇನು?

ಹಾವೇರಿ_ಏಲಕ್ಕಿ
ಪೆಪ್ಪರ್‌ಮಿಂಟ್ ತಿನ್ನಬಹುದು, ತಿನ್ನದನೂ ಇರಬಹುದು. ನೀವು ಬ್ಯಾರೆ ಊಟ ಜಾಸ್ತಿ ಹಾಕಿದ್ರ ಐಪ್ಟೇಸಿಯಾ ಕಡೆ ಹೋಗಂಗಿಲ್ಲ. ತಗೊಳ್ಳೋವಾಗ ಹುಷಾರ್, ಕ್ಯಾಮಲ್ ಸೀಗಡಿನ ಪೆಪ್ಪರ್‌ಮಿಂಟ್ ಅಂತ ಮಾರ್ತಾರ. ಕ್ಯಾಮಲ್ ಬೆನ್ನು ಗೂನು, ಮೈ ಮ್ಯಾಲ ಬಿಳಿ ಗೆರಿ ಎದ್ದು ಕಾಣ್ತಾವ. ಅದು ಝೋವಾ ತಿಂತೈತಿ.

ಬರ್ಘಿಯಾ ಅಂದ್ರ ಸಣ್ಣ ಕಡಲ ಗೊಂಡೆಹುಳ, ಐಪ್ಟೇಸಿಯಾ ಬಿಟ್ಟು ಬ್ಯಾರೆ ಏನೂ ತಿನ್ನಂಗಿಲ್ಲ. ಕೋರಲ್‌ಗೆ ಎಲ್ಲಕ್ಕಿಂತ ಸುರಕ್ಷಿತ. ಆದ್ರ ನಿಮ್ಮ ಸಿಕ್ಸ್‌ಲೈನ್ ರಾಸ್ ಅದನ್ನ ಉಳಸಂಗಿಲ್ಲ. ಮತ್ತ ನಾ ವಿಚಾರಿಸಿದ ಅಂಗಡಿಗಳಾಗ ಬರ್ಘಿಯಾ ಸಿಗಲೂ ಇಲ್ಲ.

ಗೋಕುಲರೋಡ್_ಮೀನು
ಫೈಲ್‌ಫಿಶ್ ಬಿಟ್ರಲ್ಲ? ಬ್ರಿಸಲ್‌ಟೇಲ್ ಫೈಲ್‌ಫಿಶ್. ಸಣ್ಣ ಮೀನು, ಉಣ್ಣೋದರಾಗ ಹಟ ಇಲ್ಲ, ಟ್ಯಾಂಕಿನ್ಯಾಗ ಮರಿ ಮಾಡಿಸಿದ್ದೂ ಬರ್ತಾವ.

ಬ್ಯಾಡಗಿ_ಖಾರ
ನಾಲ್ಕು ಫೂಟಿಗೆ ನಾನೂ ಫೈಲ್‌ಫಿಶ್ ಅಂತಿದ್ದೆ. ಆದ್ರ ಐಪ್ಟೇಸಿಯಾ ಮುಗದ ಮ್ಯಾಲ ಕೆಲವು ಫೈಲ್‌ಫಿಶ್ ಹ್ಯಾಮರ್, ಟಾರ್ಚ್, ಝೋವಾ ಕಚ್ಚತಾವ. ಇವ್ರ ಟ್ಯಾಂಕಿನ್ಯಾಗ ಇರೋವು ಅವ. ಕಾಪರ್‌ಬ್ಯಾಂಡ್ ಸುದ್ದಾ ಪೂರ್ತಿ ಸಾಧು ಅಲ್ಲ. ಫೆದರ್ ಡಸ್ಟರ್ ಹುಳ ಉಳಿಯಂಗಿಲ್ಲ, ಟ್ರೈಡ್ಯಾಕ್ನಾ ಕ್ಲ್ಯಾಮ್ (ದೊಡ್ಡ ಚಿಪ್ಪಿನ ಜೀವ) ಇದ್ರ ಅದರ ತುಟಿ ಕುಕ್ಕಬಹುದು, ದಪ್ಪ ಮಾಂಸದ ಕೋರಲ್ ಒಮ್ಮೊಮ್ಮೆ ಎಳಿತೈತಿ.

ಉಣಕಲ್_ದಂಡಿ
ಕ್ಲೈನ್ಸ್ ಬಟರ್‌ಫ್ಲೈ? ಅದು ಗಟ್ಟಿ ಮೀನು ಅಂತಾರಲ್ರಿ.

ಸಪ್ತಾಪುರ_ಕಾಕಾ
ಗಟ್ಟಿ ಹೌದು, ಊಟಕ್ಕ ತಕರಾರು ಇಲ್ಲ. ಆದ್ರ ಝೀನಿಯಾ, ಮೆತ್ತನ ಕೋರಲ್, ಝೋವಾ ಎಲ್ಲಾದರ ಮ್ಯಾಲೂ ಬಾಯಿ ಹಾಕ್ತೈತಿ. ಕ್ಲೈನ್ಸ್, ರಕೂನ್, ಔರಿಗಾ ಈ ಮೂರೂ ಕೋರಲ್ ಇಲ್ಲದ, ಬರೇ ಮೀನಿನ ಟ್ಯಾಂಕಿಗೆ ಹೇಳಿ ಮಾಡಿಸಿದವು. ನಮ್ಮ ಗೆಳೆಯರು ಒಬ್ಬರ ಮನ್ಯಾಗ ರಕೂನ್ ಐತಿ. ನಮ್ಮಲ್ಲಿ ಯಾರದರ ಕಲ್ಲಿಗೆ ಐಪ್ಟೇಸಿಯಾ ಭಾಳ ಆದ್ರ ಕೋರಲ್ ಇಲ್ಲದ ಕಲ್ಲು ತಗೊಂಡು ಹೋಗಿ ಅವ್ರ ಟ್ಯಾಂಕಿನ್ಯಾಗ ಇಟ್ಟು ಬರ್ತೀವಿ. ಕೆಲವ ದಿನಕ್ಕ ಸ್ವಚ್ಛ. ಹಳದಿ ಲಾಂಗ್‌ನೋಸ್ ಬಟರ್‌ಫ್ಲೈ ನೋಡಾಕ ಕಾಪರ್‌ಬ್ಯಾಂಡ್ ಹಂಗ ಮೂತಿ ಐತಿ, ಆದ್ರ ಐಪ್ಟೇಸಿಯಾಕ್ಕ ಅದರ ಮ್ಯಾಲ ಭರವಸಿ ಇಡಬ್ಯಾಡ್ರಿ.

ಗದಗ_ಗಾಳಿ
ಇಷ್ಟೆಲ್ಲಾ ದುಬಾರಿ ಮೀನು ಯಾಕ? ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕ ಡೈವಿಂಗ್ ಹೋದಾಗ ಇದ ಮೀನು ಗುಂಪಿನ್ಯಾಗ ನೋಡೇನಿ. ಮೀನುಗಾರರಿಗೆ ಹೇಳಿದ್ರ ಹಿಡಕೊಂಡು ಕೊಡ್ತಾರ. ಎರಡು ಕಲ್ಲೂ ತಂದ್ರ ಆತು.

ಅಘನಾಶಿನಿ_ತೀರ
ಇಲ್ಲ ಮಾರಾಯ್ರೆ, ಇಂಥ ಮಾತು ಬೇಡವೇ ಬೇಡ. ನಾನು ಕುಮಟಾದವಳು, ಕೆಲಸಕ್ಕೆ ಧಾರವಾಡದಲ್ಲಿ ಇದ್ದೇನೆ. ನಮ್ಮ ಕಡೆ ಕರಾವಳಿಯಲ್ಲಿ ಹವಳ ಇರುವುದೇ ನೇತ್ರಾಣಿಯಂಥ ಒಂದೆರಡು ಜಾಗದಲ್ಲಿ. ಅಲ್ಲಿಂದ ಕಲ್ಲು ಎತ್ತಿದರೆ ಉಳಿಯುವುದು ಎಂತದು?

ಕೋಡಿಬಾಗ_ಹಳೇ_ವಿದ್ಯಾರ್ಥಿ
ಅಕ್ಕಾವರು ಹೇಳಿದ್ದಕ್ಕೆ ಕಾನೂನಿನ ಮಾತು ಸೇರಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ನಮ್ಮ ಕಡಲಿನ ಕಲ್ಲುಹವಳಗಳನ್ನು ಸೇರಿಸಿದ್ದಾರೆ. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಒಂದು ತುಂಡು ಎತ್ತಿದರೂ ಅಪರಾಧ. ಹೊರದೇಶದ ಕಲ್ಲುಹವಳ ಇಟ್ಟುಕೊಂಡವರೂ ಬಿಲ್ ಜೋಪಾನ ಮಾಡಿ. ಅವು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. 2022ರ ತಿದ್ದುಪಡಿಯ ನಂತರ ಅಂಥ ಜೀವಂತ ಪ್ರಾಣಿಗಳನ್ನು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸುವ ನಿಯಮ ಬಂದಿದೆ.

ಗದಗದವರು ನೋಡಿದ್ದು ಕಾಪರ್‌ಬ್ಯಾಂಡ್ ಅಲ್ಲ. ಅದರ ನೆಲೆ ಅಂಡಮಾನ್ ಸಮುದ್ರದಿಂದ ಪೂರ್ವಕ್ಕೆ, ಜಪಾನಿನ ರ್‍ಯೂಕ್ಯೂ ದ್ವೀಪಗಳು, ದಕ್ಷಿಣಕ್ಕೆ ಆಸ್ಟ್ರೇಲಿಯಾ. ಅರಬ್ಬೀ ಸಮುದ್ರದಲ್ಲಿ ಇಲ್ಲ. ಕಪ್ಪು ಬಿಳಿ ದಪ್ಪ ಪಟ್ಟಿ, ಬೆನ್ನಿನಿಂದ ಹಿಂದಕ್ಕೆ ಹರಿದ ಉದ್ದ ಬಿಳಿ ಎಳೆ ಇತ್ತಾ?

ಗದಗ_ಗಾಳಿ
ಹೌದ್ರಿ ಸರ್, ಉದ್ದ ಎಳಿ ಇತ್ತು.

ಕೋಡಿಬಾಗ_ಹಳೇ_ವಿದ್ಯಾರ್ಥಿ
ಹಾಗಾದರೆ ಹೆನಿಯೋಕಸ್. ಬಟರ್‌ಫ್ಲೈ ಕುಟುಂಬವೇ, ಆದರೆ ಬೇರೆ ಮೀನು. ಕಾಪರ್‌ಬ್ಯಾಂಡಿಗೆ ಕಿತ್ತಳೆ ಪಟ್ಟಿ, ಬೆನ್ನಿನ ರೆಕ್ಕೆಯ ಹಿಂಭಾಗದಲ್ಲಿ ಕಣ್ಣಿನಂಥ ಕಪ್ಪು ಬೊಟ್ಟು.

ಇದರ ಬಗ್ಗೆ ಒಂದು ಹಳೆಯ ಕಥೆ ಇದೆ, ವಿಷಯಾಂತರ ಆದರೂ ಹೇಳಲೇಬೇಕು. ಲಿನ್ನೇಯಸ್ ಈ ಮೀನಿಗೆ 1758ರಲ್ಲಿ ಹೆಸರಿಟ್ಟ. 1764ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಶ್ಲೋಸರ್ ಎಂಬುವನು ಬಟಾವಿಯಾದಿಂದ, ಅಂದರೆ ಇಂದಿನ ಜಕಾರ್ತಾದಿಂದ ಬಂದ ವರದಿ ಪ್ರಕಟಿಸಿದ. ಬಾಯಿಂದ ನೀರು ಚಿಮ್ಮಿಸಿ ನೊಣ ಬೀಳಿಸುವ ಮೀನಿನ ವರ್ಣನೆ ಅದು. ಆದರೆ ಜೊತೆಗೆ ಬಂದ ಮಾದರಿ ಕಾಪರ್‌ಬ್ಯಾಂಡಿನದು! ನೀರು ಚಿಮ್ಮಿಸುವುದು ಬಿಲ್ಲುಗಾರ ಮೀನು. ಆ ಗೊಂದಲದಿಂದ ಬಹಳ ಕಾಲ ಈ ಬಡಪಾಯಿ ಬೇಟೆಗಾರ ಎಂದು ಹೆಸರಾಗಿತ್ತು.

ನವಲೂರ_ಪೇರಲ
ಇಂಥಾವು ಇನ್ನೂ ಹೇಳ್ರಿ ಸರ್.

ಹಾವೇರಿ_ಏಲಕ್ಕಿ
ಮತ್ತ ವಿಷಯಕ್ಕ ಬರೂಣು. ಶನಿವಾರ ಹೊಂಟಾರ ಅವ್ರು. ಕಾಕಾ, ಅಂಗಡ್ಯಾಗ ಏನು ನೋಡಬೇಕು ಹೇಳ್ರಿ.

ಸಪ್ತಾಪುರ_ಕಾಕಾ
ಪಾರ್ಸಲ್ ಬಂದ ದಿನ ತಗೋಬಾರದು, ಇದು ಮೊದಲ ಮಾತು. ಇಂಡೋನೇಷ್ಯಾದಾಗ ಇಲ್ಲಾ ಫಿಲಿಪ್ಪೀನ್ಸ್‌ನಾಗ ಹಿಡಿದು, ವಿಮಾನದಾಗ ಬಂದು, ಮುಂಬೈದಾಗೋ ಚೆನ್ನೈದಾಗೋ ನೀರು ಬದಲಾಯಿಸಿ, ಆಮ್ಯಾಲ ರಾತ್ರಿ ಬಸ್ಸಿನ್ಯಾಗ ಹುಬ್ಬಳ್ಳಿ ಮುಟ್ಟಿರ್ತೈತಿ. ಆ ಹೊತ್ತಿನ್ಯಾಗ ಅದರ ಮೈಯಾಗ ಏನೂ ಉಳದಿರಂಗಿಲ್ಲ. ಮುಂಗಡ ಬೇಕಾದ್ರ ಕೊಡು, ಒಂದು ವಾರ ಅಂಗಡ್ಯಾಗ ಇರಲಿ. ಆಮ್ಯಾಲ ಹೋಗಿ ನಿನ್ನ ಕಣ್ಣಮುಂದ ಊಟ ಹಾಕಸು. ಉಂಡದ್ದನ್ನ ನೋಡು. ಉಗುಳಿದ್ರ ಲೆಕ್ಕಕ್ಕಿಲ್ಲ, ನುಂಗಬೇಕು.

ಮುಂದಿನಿಂದ ನೋಡಿದಾಗ ತಲಿ ಹಿಂದ, ಬೆನ್ನಿನ ಮ್ಯಾಲ ಕುಸದಿರಬಾರದು. ಹೊಟ್ಟಿ ಒಳಗ ಹೋಗಿರಬಾರದು. ಉಸಿರು ಏದುಸಿರು ಆಗಿರಬಾರದು. ಕಣ್ಣು ನಿನ್ನ ಕೈ ಹಿಂದ ತಿರುಗಬೇಕು, ಅಂಥಾ ಮೀನು ಜೀವ ಇರೋ ಮೀನು. ಅಗದಿ ಸಣ್ಣ ಮರಿ ಬ್ಯಾಡ, ಅಗದಿ ದೊಡ್ಡದೂ ಬ್ಯಾಡ. ನಡುವಿಂದು ತಗೊ.

ಸಯನೈಡ್ ಹಾಕಿ ಮೀನು ಹಿಡಿಯೋ ಪದ್ಧತಿ ಫಿಲಿಪ್ಪೀನ್ಸ್‌ನಾಗ 1960ರ ದಶಕದಾಗ ಶುರು ಆಗಿದ್ದು, ಈಗ ನಿಷೇಧ ಐತಿ, ಆದ್ರ ಪೂರ್ತಿ ನಿಂತಿಲ್ಲ. ಅಂಥಾ ಮೀನು ಹೊರಗ ಛಂದ ಕಾಣ್ತೈತಿ, ಒಳಗ ಲಿವರ್ ಹೋಗಿರ್ತೈತಿ. ಒಂದು ವಾರ ಕಾಯೋದರಾಗ ಅದೂ ಗೊತ್ತಾಗ್ತೈತಿ. ಆಸ್ಟ್ರೇಲಿಯಾದ್ದು ಸಿಕ್ರ ಎರಡು ಮಾತಿಲ್ಲದ ಅದನ್ನ ಆರಿಸು, ರೊಕ್ಕ ಜಾಸ್ತಿ ಆದ್ರೂ ಅಡ್ಡಿಯಿಲ್ಲ.

ಬ್ಯಾಡಗಿ_ಖಾರ
ಕ್ವಾರಂಟೈನ್ ಬಿಟ್ರಿ ಕಾಕಾ. ಬಟರ್‌ಫ್ಲೈ ಮೀನಿಗೆ ಬಿಳಿ ಚುಕ್ಕಿ ರೋಗ, ವೆಲ್ವೆಟ್ ರೋಗ, ಫ್ಲೂಕ್ ಹುಳ ಮೂರೂ ಬೇಗ ಹತ್ತತಾವ. ನೇರ ರೀಫಿಗೆ ಹಾಕಿ ರೋಗ ಬಂತಂದ್ರ, ಅಲ್ಲಿ ತಾಮ್ರದ ಔಷಧ ಹಾಕಾಕ ಬರಂಗಿಲ್ಲ. ಕೋರಲ್, ಸೀಗಡಿ, ಶಂಖು ಎಲ್ಲಾ ಸಾಯ್ತಾವ. ರೋಗ ಅಳಿಲಿ ಅಂತ ಮೀನೆಲ್ಲಾ ಹೊರಗ ತಗದು 76 ದಿನ ಟ್ಯಾಂಕಿನ್ಯಾಗ ಮೀನಿಲ್ಲದ ಬಿಡಬೇಕಾಗ್ತೈತಿ.

ಗೋಕುಲರೋಡ್_ಮೀನು
ಆದ್ರ ಬರೇ ಗಾಜಿನ ಟ್ಯಾಂಕಿನ್ಯಾಗ ಒಂಟಿಯಾಗಿ ಇಟ್ರ ಕಾಪರ್‌ಬ್ಯಾಂಡ್ ಉಣ್ಣೋದ ಬಿಡ್ತೈತಿ. ಅದಕ್ಕ ಭಾಳ ಮಂದಿ ಕ್ವಾರಂಟೈನ್ ಮಾಡದ ಹಾಕ್ತಾರ.

ಸಪ್ತಾಪುರ_ಕಾಕಾ
ಇಬ್ಬರೂ ಸರಿ ಅದೀರಿ, ಜಗಳಾಡಬ್ಯಾಡ್ರಿ. ಕ್ವಾರಂಟೈನ್ ಟ್ಯಾಂಕಿನ್ಯಾಗ ಎರಡು ಪೈಪಿನ ತುಂಡು, ಮೂರು ಕಡೆ ಗಾಜಿಗೆ ಕಪ್ಪು ಹಾಳಿ, ಮಂದ ಬೆಳಕು. ಔಷಧ ಹಾಕೋದಿಲ್ಲ ಅಂದ್ರ ಐಪ್ಟೇಸಿಯಾ ಹತ್ತಿದ ಒಂದು ಕಲ್ಲೂ ಇಡು, ನಿನ್ನ ಮನ್ಯಾಗ ಅದಕ್ಕೇನು ಕೊರತಿಲ್ಲ. ಅಲ್ಲೇ ಗೊತ್ತಾಗ್ತೈತಿ ಈ ಮೀನು ತಿನ್ನೋದೋ ಅಲ್ಲೋ ಅಂತ. ನಾಲ್ಕು ವಾರ ಮೈಮ್ಯಾಲ ಏನೂ ಕಾಣದ, ಚಂದಗ ಉಂಡ್ರ ದೊಡ್ಡ ಟ್ಯಾಂಕಿಗೆ ಬಿಡು. ತಾಮ್ರ ಹಾಕೋ ಪ್ರಸಂಗ ಬಂದ್ರ ಮೊದಲ ಕಲ್ಲು ತಗದು ಬಿಡಬೇಕು, ಕಲ್ಲು ತಾಮ್ರ ಹೀರತೈತಿ, ಅಳತಿ ತಪ್ಪತೈತಿ.

ದೊಡ್ಡ ಟ್ಯಾಂಕಿಗೆ ಬಿಡೋವಾಗ ತೂತಿನ ಪ್ಲಾಸ್ಟಿಕ್ ಪೆಟ್ಟಿಗ್ಯಾಗ ಹಾಕಿ ಒಳಗ ತೂಗಬಿಡು. ಯೆಲ್ಲೋ ಟ್ಯಾಂಗ್ ಹೊರಗಿನಿಂದ ನೋಡಿ ನೋಡಿ ರೂಢಿ ಆಗಲಿ.

ವಿದ್ಯಾನಗರ_ರೀಫ್
ಕಾಕಾ, ಇದು ಪೂರ್ತಿ ಬರಕೊಂಡೆ. ಊಟದ್ದು ಹೇಳ್ರಿ. ನಮ್ಮನ್ಯಾಗ ಒಂದು ತ್ರಾಸ ಐತಿ. ಮನಿ ಮಂದಿ ಎಲ್ಲಾ ಸಸ್ಯಾಹಾರಿ. ಫ್ರಿಜ್‌ನಾಗ ಫ್ರೋಜನ್ ಮೈಸಿಸ್ (ಮೀನಿಗೆ ಹಾಕೋ ಸಣ್ಣ ಸೀಗಡಿಯಂಥ ಜೀವ) ಇಡಾಕ ನಮ್ಮ ಅವ್ವ ಒಪ್ಪಂಗಿಲ್ಲ. ಈಗಿರೋ ಮೀನಿಗೆ ಒಣ ಕಾಳಷ್ಟ ಹಾಕ್ತೀನಿ.

ಬ್ಯಾಡಗಿ_ಖಾರ
ಹಂಗಿದ್ರ ಕಾಪರ್‌ಬ್ಯಾಂಡ್ ಬ್ಯಾಡ. ಒಣ ಕಾಳಿನ ಮ್ಯಾಲ ಅದು ಬದುಕಂಗಿಲ್ಲ.

ಹಾವೇರಿ_ಏಲಕ್ಕಿ
ನಮ್ಮನ್ಯಾಗೂ ಇದ ಮಾತಿತ್ತು. ಹಿತ್ತಲ ಕೋಣ್ಯಾಗ ಮೀನಿಗಂತ ಸಣ್ಣ ಫ್ರೀಜರ್ ಬ್ಯಾರೇನ ಇಟ್ಟೀವಿ, ಚಮಚ, ಬಟ್ಟಲ ಎಲ್ಲಾ ಬ್ಯಾರೆ. ಅಡಗಿ ಮನಿಗೂ ಅದಕ್ಕೂ ಸಂಬಂಧ ಇಲ್ಲ. ಈಗ ನಮ್ಮ ಅತ್ತಿಯವ್ರೂ ಏನೂ ಅನ್ನಂಗಿಲ್ಲ. ಮನಿ ಹಿರ್‍ಯಾರ ಮನಸ್ಸು ನೋಯಿಸಿ ಮೀನು ಸಾಕಬಾರದು, ಕೂತು ಮಾತಾಡ್ರಿ.

ಆರ್ಟೀಮಿಯಾ (ಉಪ್ಪುನೀರಿನ ಸಣ್ಣ ಸೀಗಡಿಯಂಥ ಜೀವ) ಮರಿ ಮಾಡಿಸೋದೂ ಕಲೀರಿ. ಉಪ್ಪುನೀರು, ಗಾಳಿ, ಬೆಳಕು, 26 ರಿಂದ 28 ಡಿಗ್ರಿ ಇದ್ರ ಒಂದ ದಿನದಾಗ ಮೊಟ್ಟಿ ಒಡಿತಾವ. ಹೊಸ ಮೀನಿಗೆ ಅಲಗಾಡೋ ಊಟ ಕಂಡ್ರ ಬಾಯಿ ತಗಿತೈತಿ. ಅದರ ಮ್ಯಾಲ ಪೂರ್ತಿ ಬದುಕಂಗಿಲ್ಲ, ಶುರು ಮಾಡಿಸಾಕ ಅಷ್ಟ.

ಅಘನಾಶಿನಿ_ತೀರ
ಬಳಚು ಹಾಕಿ ನೋಡಿ. ನಮ್ಮ ಅಘನಾಶಿನಿ ಅಳಿವೆಯಲ್ಲಿ ಸಿಗುವ ಚಿಪ್ಪಿನ ಜೀವ. ಊರಿಂದ ಬರುವಾಗ ನನ್ನ ಟ್ಯಾಂಕಿಗೆ ಅಂತಲೇ ತರುತ್ತೇನೆ. ಎರಡು ಮೂರು ದಿನ ಫ್ರೀಜ್ ಮಾಡಿ, ಆಮೇಲೆ ಚಿಪ್ಪು ಬಿಚ್ಚಿ ಅರ್ಧ ಚಿಪ್ಪನ್ನು ಕಲ್ಲಿನ ಸಂದಿಗೆ ಸಿಕ್ಕಿಸಿ ಬಿಡಬೇಕು. ಬಟರ್‌ಫ್ಲೈ ಕುಕ್ಕಿ ಕುಕ್ಕಿ ಮಾಂಸ ಎಳೆಯುತ್ತದೆ. ಏನೂ ಮುಟ್ಟದ ಮೀನು ಇದಕ್ಕೆ ಸೋತದ್ದು ನೋಡಿದ್ದೇನೆ. ಫ್ರೀಜ್ ಮಾಡದೆ ಹಾಕಬೇಡಿ, ರೋಗ ಬರಬಹುದು. ಎರಡು ತಾಸಿನ ಮೇಲೆ ಉಳಿದದ್ದು ತೆಗೆದುಬಿಡಿ, ಇಲ್ಲದಿದ್ದರೆ ನೀರು ಕೆಡುತ್ತದೆ.

ಸಪ್ತಾಪುರ_ಕಾಕಾ
ಅಕ್ಕಾ ಹೇಳಿದ್ದು ಲಾಖ್ ರೂಪಾಯಿ ಮಾತು. ನಮ್ಮ ಮೀನೂ ಬಳಚಿನ ಮ್ಯಾಲನ ಊಟ ಕಲ್ತದ್ದು. ಆಮ್ಯಾಲ ಆ ಚಿಪ್ಪಿನ್ಯಾಗ ಮೈಸಿಸ್ ತುಂಬಿ ಇಟ್ಟೆ, ಆಮ್ಯಾಲ ನೀರಾಗ ತೇಲೋ ಮೈಸಿಸ್ಸೂ ಹಿಡಿಯಾಕ ಶುರು ಮಾಡ್ತು. ದಿನಕ್ಕ ಮೂರು ಸಲ ಸ್ವಲ್ಪ ಸ್ವಲ್ಪ ಹಾಕಬೇಕು. ಕ್ಲೌನ್, ರಾಸ್ ಓಡಿ ಬಂದು ಕಸಕೊಂತಾವ, ಮೊದಲ ಅವಕ್ಕ ಒಂದು ಮೂಲ್ಯಾಗ ಹಾಕಿ, ಇದಕ್ಕ ಇನ್ನೊಂದು ಮೂಲ್ಯಾಗ ಹಾಕು.

ಉಣಕಲ್_ದಂಡಿ
ಆದ್ರ ಹಂಗ ಊಟ ಜಾಸ್ತಿ ಹಾಕಿದ್ರ ನೈಟ್ರೇಟ್, ಫಾಸ್ಫೇಟ್ ಏರಿ ಮತ್ತ ಐಪ್ಟೇಸಿಯಾನ ಬೆಳಿತಾವಲ್ಲ?

ಬ್ಯಾಡಗಿ_ಖಾರ
ಛಲೋ ಪ್ರಶ್ನೆ. ಅದಕ್ಕ ಸ್ಕಿಮ್ಮರ್ (ನೀರಿನ ಹೊಲಸು ನೊರಿ ಮಾಡಿ ತಗಿಯೋ ಯಂತ್ರ) ಗಟ್ಟಿ ಬೇಕು, ನೀರು ಬದಲಿ ತಪ್ಪಬಾರದು. ಹುಬ್ಬಳ್ಳ್ಯಾಗ ನಳ ಬರೋ ದಿನಾ ನೋಡಿ ಆರ್‌ಓ ನೀರು ಸಂಗ್ರಹ ಮಾಡ್ಕೊಳ್ಳಿ. ಮಲಪ್ರಭಾ ನೀರಾಗಲಿ ಬೋರಿನ ನೀರಾಗಲಿ ನೇರ ಹಾಕಬ್ಯಾಡ್ರಿ. ಆರ್‌ಓ ಬಿಟ್ಟ ನೀರು ಬಟ್ಟಿ ಒಗಿಯಾಕ ಬರ್ತೈತಿ, ಚೆಲ್ಲಬ್ಯಾಡ್ರಿ.

ಗದಗ_ಗಾಳಿ
ನಮ್ಮ ಕಡೆ ಬೋರಿನ ನೀರಾಗ ಗಡಸು ಭಾಳ. ಮುಂಡರಗಿ ಕಡೆ ಫ್ಲೋರೈಡೂ ಐತಿ. ಆರ್‌ಓ ಫಿಲ್ಟರ್ ಬೇಗ ಬದಲಿ ಮಾಡಬೇಕಾಗ್ತೈತಿ. ಮತ್ತ ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಇರಲೇಬೇಕು.

ಹಾವೇರಿ_ಏಲಕ್ಕಿ
ಇದರ ಜೊತಿ ಮುಂದಕ್ಕ ಹೊಸ ಪ್ಲಗ್ ಬಂದ್ರ ಪ್ಲಗ್ ಕಿತ್ತು ಒಗದು, ಕೋರಲ್ ಅಷ್ಟ ಹೊಸ ಪ್ಲಗ್‌ಗೆ ಅಂಟಿಸಿ ಹಾಕ್ರಿ. ಝೋವಾ ಕೀಳೋವಾಗ ಗ್ಲೌಸು, ಚಸ್ಮಾ. ಡಿಪ್ ಮಾಡಿದ್ರ (ಔಷಧದ ನೀರಿನ್ಯಾಗ ಅದ್ದಿದ್ರ) ಐಪ್ಟೇಸಿಯಾ ಸಾಯ್ತೈತಿ ಅಂತ ನಂಬಬ್ಯಾಡ್ರಿ, ಮುದುಡಿ ಕೂತು ಆಮ್ಯಾಲ ಎದ್ದು ನಿಲ್ತೈತಿ.

ವಿದ್ಯಾನಗರ_ರೀಫ್
ಎಲ್ಲಾರಿಗೂ ಭಾಳ ಧನ್ಯವಾದ. ಅವ್ವನ ಜೊತಿ ಮಾತಾಡಿದೆ. ಮಾಳಿಗಿ ಮ್ಯಾಲಿನ ಕೋಣ್ಯಾಗ ಸಣ್ಣ ಫ್ರೀಜರ್ ಇಟ್ರ ತನ್ನದೇನೂ ತಕರಾರಿಲ್ಲ ಅಂದ್ಳು. ಈ ಶನಿವಾರ ಮೀನು ತರಂಗಿಲ್ಲ. ಮೊದಲು ಹ್ಯಾಮರ್ ಪಕ್ಕದ ಎರಡಕ್ಕ ಮತ್ತ ಓವರ್‌ಫ್ಲೋದವಕ್ಕ ಸುಣ್ಣದ ಪೇಸ್ಟ್ ಬಿಡ್ತೀನಿ. ಅಷ್ಟರಾಗ ಕ್ವಾರಂಟೈನ್ ಟ್ಯಾಂಕ್ ತಯಾರ ಮಾಡ್ತೀನಿ. ಅಂಗಡಿಯವ್ರಿಗೆ ಒಂದು ವಾರ ಇಟ್ಟು, ಉಣ್ಣೋದು ತೋರಿಸಿದ್ರ ತಗೊಂತೀನಿ ಅಂತ ಹೇಳೇನಿ, ಒಪ್ಪ್ಯಾರ.

ಒಂದ ಪ್ರಶ್ನೆ ಉಳೀತು. ಯೆಲ್ಲೋ ಟ್ಯಾಂಗ್ ಪೆಟ್ಟಿಗಿ ಇಟ್ಟ ಮ್ಯಾಲೂ ಹೊಡಿಯಾಕ ಬಂದ್ರ?

ಸಪ್ತಾಪುರ_ಕಾಕಾ
ಹಂಗಾದ್ರ ಟ್ಯಾಂಗನ್ನ ತಗದು ಕ್ವಾರಂಟೈನ್ ಟ್ಯಾಂಕಿನ್ಯಾಗ ಕೆಲವು ದಿನ ಇಡು, ಕಾಪರ್‌ಬ್ಯಾಂಡ್ ಜಾಗ ಹಿಡೀಲಿ, ಆಮ್ಯಾಲ ಟ್ಯಾಂಗನ್ನ ತಿರಗಿ ಬಿಡು. ಎರಡು ಕಲ್ಲಿನ ಜಾಗಾನೂ ಬದಲಿ ಮಾಡು. ಅಷ್ಟಾದ್ರೂ ನಿಲ್ಲಲಿಲ್ಲಂದ್ರ ಕಾಪರ್‌ಬ್ಯಾಂಡ್ ನಮ್ಮನಿಗೆ ತಗೊಂಡು ಬಾ. ಆರು ಫೂಟಿನ್ಯಾಗ ಇನ್ನೊಂದು ಕಾಪರ್‌ಬ್ಯಾಂಡ್ ಇಡಾಕ ಬರಂಗಿಲ್ಲ, ತಮ್ಮತಮ್ಮೊಳಗ ಕಾದಾಡ್ತಾವ, ಆದ್ರ ಬ್ಯಾರೆ ಟ್ಯಾಂಕ್ ಖಾಲಿ ಐತಿ.

ಅಘನಾಶಿನಿ_ತೀರ
ಮುಂದಿನ ವಾರ ಊರಿಗೆ ಹೋಗುತ್ತಿದ್ದೇನೆ. ಬಳಚು ಬೇಕಾದವರು ಹೇಳಿ, ಐಸ್ ಪೆಟ್ಟಿಗೆಯಲ್ಲಿ ತರುತ್ತೇನೆ. ಅರಬೈಲ್ ಘಟ್ಟ ಹತ್ತಿ ಬರುವ ಬಸ್ಸು ಹುಬ್ಬಳ್ಳಿಗೆ ಸಂಜೆ ಮುಟ್ಟುತ್ತದೆ.

ವಿದ್ಯಾನಗರ_ರೀಫ್
ನನಗ ಒಂದು ಕಿಲೋ ತರ್ರಿ ಅಕ್ಕಾರ. ಬಸ್ ಸ್ಟ್ಯಾಂಡಿಗೆ ನಾನ ಬರ್ತೀನಿ.

ಹಾವೇರಿ_ಏಲಕ್ಕಿ
ನನಗೂ ಅರ್ಧ ಕಿಲೋ. ವಿದ್ಯಾನಗರದವ್ರ ಫ್ರೀಜರ್‌ನಾಗ ಇಟ್ಟಿರ್ರಿ, ಭಾನುವಾರ ಬಂದು ಒಯ್ತೀನಿ.